ಪ್ರಯೋಗಶಾಲೆಗಳಲ್ಲಿ ವಾಹಕಾನಿಲದ ಆಯ್ಕೆ

(ಹೀಲಿಯಮ್ಮಿಗೆ ಬದಲಾಗಿ ಜಲಜನಕ, ಸಾರಜನಕಗಳ ಉಪಯೋಗ)

ಬೆಳೆಗಾರನು ತನ್ನ ಪದಾರ್ಥವನ್ನು ಮಂಡಿಗೆ ತಂದಾಗ ಅದರ ತೂಕ, ಬಣ್ಣ, ಒಣಗಿದ ಹದ ಇವುಗಳನ್ನು ನೋಡಿ ಬೆಲೆ ಕಟ್ಟುವ ಪದ್ಧತಿಯು ಹಿಂದಿನಿಂದಲೂ ಬಂದುದಾಗಿದೆ. ಈಚೆಗೆ ಇವುಗಳ ಜೊತೆಗೆ ಮತ್ತೊಂದು ಪ್ರಶ್ನೆಯೂ ಸೇರಿಕೊಂಡಿದೆ. ಪದಾರ್ಥದಲ್ಲಿ ಸಿಂಪಡಿಸಿದ ಔಷಧಿಯ ಶೇಷವು ಎಷ್ಟು ಉಳಿದಿದೆ ಎಂಬುದೇ ಆ ಪ್ರಶ್ನೆ. ಬ್ಯಾಡಗಿಯ ಮೆಣಸಿನಕಾಯಿಯಾಗಲಿ, ಮಲೆನಾಡಿನ ಏಲಕ್ಕಿಯಾಗಲಿ, ವಿಜಯಪುರದ ದ್ರಾಕ್ಷಿಯಾಗಲಿ, ಹೊರದೇಶಕ್ಕೆ ಹೋಗಬೇಕಾದರೆ ಈ ಪ್ರಶ್ನೆಗೆ ಪ್ರಯೋಗಶಾಲೆಯಿಂದ ಲಿಖಿತವಾದ ಉತ್ತರವು ಬೇಕಾಗುವುದು.

ಈ ಉತ್ತರವು ಎಷ್ಟು ಸೂಕ್ಷ್ಮವಾದುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಐರೋಪ್ಯ ಒಕ್ಕೂಟದ ಕಾನೂನಿನಲ್ಲಿ, ಪ್ರತ್ಯೇಕವಾದ ಮಿತಿಯನ್ನು ಗೊತ್ತುಮಾಡದಿರುವ ಪೀಡೆನಾಶಕಗಳಿಗೆ 1 ಕಿಲೋಗ್ರಾಮಿನಲ್ಲಿ 0.01 ಮಿಲಿಗ್ರಾಮೆಂಬ ಸಾಮಾನ್ಯ ಮಿತಿಯಿದೆ. ಎಂದರೆ, 1,000 ಕ್ವಿಂಟಾಲು ಮೆಣಸಿನಕಾಯಿಯಲ್ಲಿ ಒಟ್ಟು 1 ಗ್ರಾಮು ಔಷಧಿ. ಇಷ್ಟು ಅಲ್ಪವಾದ ವಸ್ತುವನ್ನು ಹುಡುಕಿ, ಇದು ಇಂಥ ಔಷಧಿಯೆಂದು ಗುರುತಿಸಿ, ಇಷ್ಟು ಪ್ರಮಾಣವೆಂದು ಹೇಳಬೇಕಾಗಿದೆ. ಈ ಕಾರ್ಯಕ್ಕೆ ಪ್ರಯೋಗಶಾಲೆಗಳಲ್ಲಿ ಮುಖ್ಯವಾಗಿ ಉಪಯೋಗದಲ್ಲಿರುವ ಯಂತ್ರಗಳಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬುದೊಂದು. ಈ ಯಂತ್ರವು ನಡೆಯಬೇಕಾದರೆ ಅದರೊಳಗೆ ಹಗಲೂ ರಾತ್ರಿಯೂ ಒಂದು ಶುದ್ಧವಾದ ಅನಿಲವು ಹರಿಯುತ್ತಿರಬೇಕು. ಅದಕ್ಕೆ ವಾಹಕಾನಿಲವೆಂದು ಹೆಸರು. ಬಹುಕಾಲದಿಂದ ಈ ಕೆಲಸಕ್ಕೆ ಹೀಲಿಯಮ್ಮನ್ನೇ ಹೆಚ್ಚಾಗಿ ಉಪಯೋಗಿಸುತ್ತ ಬಂದಿದ್ದಾರೆ. ಹೀಲಿಯಮ್ಮು ಬಾರದಿದ್ದರೆ ಯಂತ್ರವು ನಿಲ್ಲುವುದು. ಯಂತ್ರವು ನಿಂತರೆ ವರದಿಯು ನಿಲ್ಲುವುದು. ವರದಿಯು ನಿಂತರೆ ಉಗ್ರಾಣದಲ್ಲಿ ಸರಕು ನಿಲ್ಲುವುದು. ದ್ರಾಕ್ಷಿಯಂಥ ಹಣ್ಣು ವರದಿಗಾಗಿ ಕಾಯತಕ್ಕ ಪದಾರ್ಥವಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುವುದು ಹೀಗೆಯೇ. ಆದುದರಿಂದ ಹೀಲಿಯಮ್ಮಿಗೆ ಬದಲಾಗಿ ಯಾವ ಅನಿಲವನ್ನು, ಯಾವ ಕೆಲಸಕ್ಕೆ, ಯಾವ ಎಚ್ಚರಿಕೆಗಳೊಡನೆ ಉಪಯೋಗಿಸಬಹುದೆಂಬುದು ಪ್ರಯೋಗಶಾಲೆಯವರಿಗೆ ಮಾತ್ರವಲ್ಲದೆ ಬೆಳೆಗಾರರಿಗೂ ಸಂಬಂಧಪಟ್ಟ ವಿಷಯವಾಗಿದೆ.

ಯಂತ್ರದ ಸ್ವರೂಪ

ವಸ್ತುಗಳನ್ನು ಬೇರ್ಪಡಿಸುವ ಈ ವಿದ್ಯೆಯು ಮೊದಲು ಹುಟ್ಟಿದುದು ಸಸ್ಯಶಾಸ್ತ್ರಜ್ಞನೊಬ್ಬನ ಕೈಯಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿಖಾಯಿಲ್ ತ್ಸ್ವೆಟ್ ಎಂಬ ರಷ್ಯದ ಪಂಡಿತನು ಎಲೆಗಳ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ನಾಳದಲ್ಲಿ ಇಳಿಬಿಟ್ಟಾಗ, ಹಸುರು ಹಳದಿ ಬಣ್ಣಗಳು ಒಂದರ ಕೆಳಗೊಂದು ಪಟ್ಟೆಗಳಾಗಿ ಬೇರೆಬೇರೆ ನಿಂತುವು. ಮುಂದೆ ಮಾರ್ಟಿನ್ ಮತ್ತು ಸಿಂಜ್ ಎಂಬ ಆಂಗ್ಲ ವಿಜ್ಞಾನಿಗಳು 1941ರಲ್ಲಿ ಈ ವಿದ್ಯೆಯನ್ನು ಬೆಳಸಿ, ನಾಳದಲ್ಲಿ ದ್ರವಕ್ಕೆ ಬದಲಾಗಿ ಅನಿಲವನ್ನೂ ಹರಿಯಿಸಬಹುದೆಂದು ಸೂಚಿಸಿದರು. ಇವರಿಬ್ಬರಿಗೂ 1952ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ದೊರೆಯಿತು. ಅದೇ ವರ್ಷ ಮಾರ್ಟಿನ್ನರು ಜೇಮ್ಸ್ ಎಂಬವರೊಡನೆ ಕೂಡಿ ಅನಿಲವನ್ನು ಹರಿಯಿಸುವ ಪ್ರಯೋಗವನ್ನು ಪ್ರಕಟಿಸಿದರು. ಅವರು ಆಗ ಉಪಯೋಗಿಸಿದ ವಾಹಕಾನಿಲವು ಹೀಲಿಯಮ್ಮಲ್ಲ, ಸಾರಜನಕ. ಹೀಲಿಯಮ್ಮಿಲ್ಲದೆ ಕೆಲಸವೇ ನಡೆಯದೆಂದು ತಿಳಿಯುವವರು ಈ ಸಂಗತಿಯನ್ನು ನೆನಪಿಡತಕ್ಕುದು.

ಈಗಿನ ಯಂತ್ರದಲ್ಲಿ ಕೂದಲಿನಷ್ಟು ಸಣ್ಣ ರಂಧ್ರವುಳ್ಳ, ಸಾಮಾನ್ಯವಾಗಿ 30 ಮೀಟರು ಉದ್ದದ ನಾಳವೊಂದು ಸುರುಳಿಯಾಗಿ ಒಲೆಯೊಳಗೆ ಇರುವುದು. ನಾಳದ ಒಳಗೋಡೆಗೆ ಒಂದು ತೆಳ್ಳನೆಯ ಲೇಪವಿದೆ. ಪದಾರ್ಥದಿಂದ ತೆಗೆದ ಸಾರದ ಒಂದು ಹನಿಯಲ್ಲಿ ಅತಿ ಸ್ವಲ್ಪ ಭಾಗವನ್ನು ಬಿಸಿಯಾದ ಬಾಯಿಯಲ್ಲಿ ಚುಚ್ಚಿದೊಡನೆ ಅದು ಆವಿಯಾಗುವುದು. ವಾಹಕಾನಿಲವು ಆ ಆವಿಯನ್ನು ನಾಳದಲ್ಲಿ ತಳ್ಳಿಕೊಂಡು ಹೋಗುವುದು. ಲೇಪಕ್ಕೆ ಹೆಚ್ಚಾಗಿ ಅಂಟುವ ವಸ್ತುಗಳು ಹಿಂದೆ ಬೀಳುವುವು. ಕಡಮೆ ಅಂಟುವುವು ಮುಂದಾಗಿ ಹೊರಬೀಳುವುವು. ಸಂತೆಗೆ ಹೊರಟ ಬಂಡಿಗಳು ಊರಿನಿಂದ ಒಟ್ಟಿಗೇ ಹೊರಟರೂ, ದಾರಿಯಲ್ಲಿ ಹೆಚ್ಚು ಕಡೆ ನಿಲ್ಲುವವು ತಡವಾಗಿಯೂ ಕಡಮೆ ನಿಲ್ಲುವವು ಬೇಗನೆಯೂ ಮುಟ್ಟುವಂತೆ ಇದೆಂದು ತಿಳಿಯಬಹುದು. ನಾಳದ ಕೊನೆಯಲ್ಲಿರುವ ಡಿಟೆಕ್ಟರ್ ಎಂಬ ಉಪಕರಣವು ಪ್ರತಿಯೊಂದು ವಸ್ತುವೂ ಹೊರಬಿದ್ದ ಕಾಲವನ್ನೂ ಅದರ ಪ್ರಮಾಣವನ್ನೂ ಗೆರೆಯೆಳೆದು ತೋರಿಸುವುದು. ಹೊರಬಿದ್ದ ಕಾಲದಿಂದ ವಸ್ತುವಿನ ಗುರುತು, ಗೆರೆಯ ಶಿಖರದ ವಿಸ್ತೀರ್ಣದಿಂದ ಅದರ ಪ್ರಮಾಣ.

ವಾಹಕಾನಿಲವು ತಾನು ಯಾವ ವಸ್ತುವಿನೊಡನೆಯೂ ಬೆರೆತು ಮಾರ್ಪಡಿಸದೆ, ಹೊರೆಯನ್ನು ಹೊತ್ತು ಮುಟ್ಟಿಸುವ ಬಂಡಿಯ ಕೆಲಸವನ್ನು ಮಾತ್ರ ಮಾಡಬೇಕು. ಬಂಡಿಯು ಬದಲಾದರೂ ಸರಕು ಬದಲಾಗಬಾರದು. ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲವೂ ಈ ಒಂದು ನಿಯಮದ ವಿವರಣೆಯೇ ಆಗಿರುವುದು.

ಹೀಲಿಯಮ್ಮಿನ ಪೂರ್ವಾಪರ

ಹೀಲಿಯಮ್ಮಿಗೂ ಭಾರತಕ್ಕೂ ಹಳೆಯ ನಂಟಿದೆ. 1868ನೆಯ ಇಸವಿ ಆಗಸ್ಟ್ 18ರಂದು ನಡೆದ ಸೂರ್ಯಗ್ರಹಣವನ್ನು ಫ್ರಾನ್ಸ್ ದೇಶದ ಜಾನ್ಸೆನ್ ಎಂಬವರು ಗುಂಟೂರಿನಿಂದ ವೀಕ್ಷಿಸಿದರು. ಆ ವರ್ಷ ಸೂರ್ಯನ ಬೆಳಕಿನ ವರ್ಣಪಟಲದಲ್ಲಿ ಕಂಡ ಒಂದು ಹಳದಿ ಗೆರೆಯು ಭೂಮಿಯ ಮೇಲೆ ತಿಳಿದಿದ್ದ ಯಾವ ಧಾತುವಿಗೂ ಸೇರದುದೆಂದು ಲಾಕ್ಯರ್ ಎಂಬ ಆಂಗ್ಲ ಪಂಡಿತರು ನಿಶ್ಚಯಿಸಿದರು. ಗ್ರೀಕ್ ಭಾಷೆಯಲ್ಲಿ ಸೂರ್ಯನಿಗಿರುವ ಹೆಸರಿನಿಂದಲೇ ಅದಕ್ಕೆ ಹೀಲಿಯಮ್ಮೆಂದು ಹೆಸರಾಯಿತು. 1895ರಲ್ಲಿ ರ್‍ಯಾಮ್ಸೆ ಎಂಬವರು ಯುರೇನಿಯಂ ಸೇರಿದ ಖನಿಜವೊಂದರಿಂದ ಇದನ್ನು ಭೂಮಿಯ ಮೇಲೆಯೂ ಹೊರತೆಗೆದರು.

ಭೂಗರ್ಭದಲ್ಲಿ ಯುರೇನಿಯಂ, ಥೋರಿಯಂ ಧಾತುಗಳು ಕೋಟ್ಯಂತರ ವರ್ಷಗಳಿಂದ ಕ್ಷಯಿಸುತ್ತಿರುವಾಗ ಹುಟ್ಟಿದ ಹೀಲಿಯಮ್ಮು ಕೆಲವೆಡೆ ನೈಸರ್ಗಿಕ ಅನಿಲದೊಡನೆ ಬಂಡೆಗಳ ಕೆಳಗೆ ಸೇರಿಕೊಂಡಿರುವುದು. ಗಾಳಿಯಲ್ಲಿ ಇದು ಹತ್ತು ಲಕ್ಷ ಭಾಗಗಳಿಗೆ ಸುಮಾರು 5 ಭಾಗ ಮಾತ್ರ ಇರುವುದರಿಂದ ಗಾಳಿಯಿಂದ ತೆಗೆಯುವುದು ಲಾಭಕರವಲ್ಲ. ಹೊರಬಿಟ್ಟ ಹೀಲಿಯಮ್ಮು ಹಗುರವಾದುದರಿಂದ ಕಾಲಕ್ರಮದಲ್ಲಿ ಆಕಾಶವನ್ನು ಸೇರುವುದೇ ಹೊರತು ಮರಳಿ ದೊರೆಯದು. ಬೆಳೆಯಂತೆ ವರ್ಷವರ್ಷವೂ ಬರತಕ್ಕ ವಸ್ತುವಲ್ಲ. ಹಗೇವಿನಲ್ಲಿ ಕೂಡಿಟ್ಟ ಧಾನ್ಯದಂತೆ, ತೆಗೆದಷ್ಟೂ ಕಡಮೆಯಾಗತಕ್ಕುದು.

ಜಗತ್ತಿಗೆ ಬೇಕಾದ ಹೀಲಿಯಮ್ಮಿನಲ್ಲಿ ಬಹುಭಾಗವು ಕೆಲವೇ ದೇಶಗಳ ಕೆಲವೇ ಕಾರ್ಖಾನೆಗಳಿಂದ ಬಂದಿದೆ. ಆದುದರಿಂದ ಎಲ್ಲಿಯೋ ಒಂದೆಡೆ ತೊಡಕಾದರೆ ಎಲ್ಲ ಕಡೆಯೂ ಅಭಾವವಾಗುವುದು. 2017ನೆಯ ಜೂನ್ ತಿಂಗಳಲ್ಲಿ ನೆರೆರಾಜ್ಯಗಳು ಕತಾರ್ ದೇಶದ ದಾರಿಗಳನ್ನು ಮುಚ್ಚಿದಾಗ ಅಲ್ಲಿಯ ಹೀಲಿಯಂ ಕಾರ್ಖಾನೆಗಳು ಕೆಲವು ವಾರಗಳ ಕಾಲ ನಿಂತುಹೋದುವು. ರಷ್ಯದ ಆಮೂರ್ ಪ್ರಾಂತದಲ್ಲಿ ಹೊಸದಾಗಿ ಕಟ್ಟಿದ ದೊಡ್ಡ ಕಾರ್ಖಾನೆಯಲ್ಲಿ 2021ನೆಯ ಅಕ್ಟೋಬರಿನಲ್ಲಿ ಬೆಂಕಿಯೂ 2022ನೆಯ ಜನವರಿಯಲ್ಲಿ ಸ್ಫೋಟವೂ ಉಂಟಾದುವು. ಅಮೆರಿಕದ ಸರ್ಕಾರವು 1925ರಿಂದ ಟೆಕ್ಸಾಸಿನ ಅಮರಿಲೋ ನಗರದ ಬಳಿ ಇಟ್ಟುಕೊಂಡು ಬಂದಿದ್ದ ಹೀಲಿಯಂ ಭಂಡಾರವನ್ನು 2024ರಲ್ಲಿ ಖಾಸಗಿ ಸಂಸ್ಥೆಗೆ ಮಾರಿಬಿಟ್ಟಿತು. ಪಶ್ಚಿಮ ಬಂಗಾಳದ ಬಕ್ರೇಶ್ವರದ ಬಿಸಿನೀರಿನ ಬುಗ್ಗೆಗಳಲ್ಲಿ ಹೀಲಿಯಮ್ಮು ಇರುವುದೇನೋ ನಿಜ. ಆದರೂ ಭಾರತವು ತನಗೆ ಬೇಕಾದುದನ್ನು ಬಹುಮಟ್ಟಿಗೆ ಹೊರದೇಶಗಳಿಂದಲೇ ತರಿಸಿಕೊಳ್ಳುತ್ತಿದೆ. ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳಿಗೂ ಇದೇ ಹೀಲಿಯಮ್ಮು ಬೇಕು. ಬದಲು ಅನಿಲದಿಂದ ನಡೆಯಬಹುದಾದ ಕೆಲಸಕ್ಕೆ ಇದನ್ನು ಸುರಿಯುವುದು ವಿವೇಕವಲ್ಲ.

ಮೂರು ಅನಿಲಗಳ ಗುಣ

ಅನಿಲವನ್ನು ಎಷ್ಟು ವೇಗದಿಂದ ಹರಿಯಿಸಿದರೆ ವಸ್ತುಗಳು ಚೆನ್ನಾಗಿ ಬೇರೆಯಾಗುವುವೆಂಬ ವಿಚಾರವನ್ನು ವಾನ್ ಡೀಮ್ಟರ್ ಎಂಬ ಡಚ್ ವಿಜ್ಞಾನಿಯೂ ಅವರ ಸಂಗಡಿಗರೂ 1956ರಲ್ಲಿ ಲೆಕ್ಕಮಾಡಿ ತೋರಿಸಿದರು. ಅತಿ ನಿಧಾನವಾದರೆ ವಸ್ತುಗಳು ನಾಳದಲ್ಲಿ ತಾವಾಗಿ ಹರಡಿಕೊಂಡು ಶಿಖರಗಳು ಅಗಲವಾಗುವುವು. ಅತಿ ವೇಗವಾದರೆ ಲೇಪದೊಡನೆ ಸರಿಯಾಗಿ ಕೊಡುಕೊಳೆ ನಡೆಯಲು ಅವಕಾಶವಿರದು. ನಡುವೆ ಒಂದು ಹಿತವಾದ ವೇಗವಿದೆ. ಅದು ಅನಿಲದಿಂದ ಅನಿಲಕ್ಕೆ ಬೇರೆಯಾಗಿರುವುದು. ಸಾಧಾರಣವಾದ ಸಣ್ಣ ನಾಳದಲ್ಲಿ ಅದು ಸುಮಾರಾಗಿ ಹೀಗಿದೆ:

ಸಾರಜನಕ: ಸೆಕೆಂಡಿಗೆ 12 ಸೆಂಟಿಮೀಟರು; 30 ಮೀಟರು ನಾಳವನ್ನು ದಾಟಲು 250 ಸೆಕೆಂಡು.
ಹೀಲಿಯಂ: ಸೆಕೆಂಡಿಗೆ 25 ಸೆಂಟಿಮೀಟರು, ದಾಟಲು 120 ಸೆಕೆಂಡು.
ಜಲಜನಕ: ಸೆಕೆಂಡಿಗೆ 40 ಸೆಂಟಿಮೀಟರು, ದಾಟಲು 75 ಸೆಕೆಂಡು.

ಇದರಿಂದ ತಿಳಿಯುವುದೇನೆಂದರೆ, ತನ್ನ ಹಿತವಾದ ವೇಗದಲ್ಲಿ ಹರಿಯುವಾಗ ಸಾರಜನಕವೂ ವಸ್ತುಗಳನ್ನು ಬೇರ್ಪಡಿಸುವುದರಲ್ಲಿ ಹೀಲಿಯಮ್ಮಿಗೆ ಕಡಮೆಯಾದುದಲ್ಲ. ಆದರೆ ಕಾಲವು ಎರಡರಷ್ಟು ಹಿಡಿಯುವುದು. ಅವಸರಪಟ್ಟು ವೇಗವನ್ನು ಹೆಚ್ಚಿಸಿದರೆ ಸಾರಜನಕದ ಗುಣವು ಬೇಗನೆ ಕೆಡುವುದು. ಜಲಜನಕವು ವೇಗವಾಗಿ ಹರಿದರೂ ಗುಣವು ಹೆಚ್ಚಾಗಿ ಕೆಡದು. ಹೀಲಿಯಮ್ಮು ಇವೆರಡರ ನಡುವೆ ಇರುವುದು. ಅದು ಉರಿಯದ, ಯಾವುದರೊಡನೆಯೂ ಕೂಡದ ಅನಿಲವಾದುದರಿಂದಲೇ ಎಲ್ಲರಿಗೂ ಪ್ರಿಯವಾಯಿತು.

ಸಾರಜನಕ

ಸಾರಜನಕವು ಗಾಳಿಯಲ್ಲಿ ನೂರಕ್ಕೆ 78 ಭಾಗವಿದೆ. ಅಗ್ಗವಾದುದು, ಅಪಾಯವಿಲ್ಲದುದು, ಗಾಳಿಯಿಂದ ಇದನ್ನು ಪ್ರಯೋಗಶಾಲೆಯಲ್ಲಿಯೇ ಬೇರ್ಪಡಿಸಿ ಕೊಡುವ ಯಂತ್ರಗಳೂ ದೊರೆಯುವುವು. ಆಮ್ಲಜನಕವೂ ನೀರಾವಿಯೂ ಸೇರಿರದಂತೆ ಶೋಧಿಸಿ ಉಪಯೋಗಿಸಬೇಕೆಂಬುದೊಂದೇ ಮುಖ್ಯವಾದ ನಿಬಂಧನೆ.

ಕೆಲವೇ ವಸ್ತುಗಳನ್ನು ಬೇರ್ಪಡಿಸಬೇಕಾಗಿರುವ, ಶಿಖರಗಳು ಒಂದರಿಂದೊಂದು ದೂರವಾಗಿರುವ ಕೆಲಸಗಳಿಗೆ ಸಾರಜನಕವು ಚೆನ್ನಾಗಿ ಒಪ್ಪುವುದು. ಎಣ್ಣೆಕಾಳುಗಳ ಕೊಬ್ಬಿನ ಆಮ್ಲಗಳ ಪರೀಕ್ಷೆಗಳಲ್ಲಿ ಅನೇಕವು ಈ ಬಗೆಯವು. ಕ್ಲೋರಿನ್ನು ಸೇರಿದ ಔಷಧಿಗಳ ಶೇಷವನ್ನು ಹುಡುಕಲು ಉಪಯೋಗಿಸುವ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರಿಗೂ ಸಾರಜನಕವು ಹಳೆಯ ಪರಿಚಯದ ಅನಿಲವೇ. ಈ ಡಿಟೆಕ್ಟರನ್ನು ಲವ್‌ಲಾಕ್ ಎಂಬ ಆಂಗ್ಲ ವಿಜ್ಞಾನಿಯು 1957ರಲ್ಲಿ ರಚಿಸಿದರು. ಡಿ.ಡಿ.ಟಿ., ಎಂಡೋಸಲ್ಫಾನ್ ಮುಂತಾದವುಗಳ ಅತ್ಯಲ್ಪ ಶೇಷವನ್ನು ಪತ್ತೆಹಚ್ಚುವುದರಲ್ಲಿ ಇದರಿಂದ ಬಹಳ ಸಹಾಯವಾಗಿದೆ.

ಸಾರಜನಕದಿಂದ ಉಂಟಾಗುವ ಕಾಲನಷ್ಟವನ್ನು ಕಡಮೆಮಾಡಲು ಒಂದು ಉಪಾಯವಿದೆ. 30 ಮೀಟರು ಉದ್ದದ, 0.25 ಮಿಲಿಮೀಟರು ರಂಧ್ರದ ನಾಳಕ್ಕೆ ಬದಲಾಗಿ 20 ಮೀಟರು ಉದ್ದದ, 0.18 ಮಿಲಿಮೀಟರು ರಂಧ್ರದ ನಾಳವನ್ನು ಹಾಕಿದರೆ, ಬೇರ್ಪಡಿಸುವ ಶಕ್ತಿಯು ಕುಂದದೆ ದಾರಿಯು ಕಡಮೆಯಾಗುವುದು. ಆದರೆ ಇಂಥ ನಾಳವು ಹೆಚ್ಚು ಸಾರವನ್ನು ತಾಳಲಾರದಾದುದರಿಂದ ಚುಚ್ಚುವ ಪ್ರಮಾಣವನ್ನೂ ತಗ್ಗಿಸಬೇಕು.

ಜಲಜನಕ

ಬೇರ್ಪಡಿಸುವ ಗುಣದಲ್ಲಿಯೂ ವೇಗದಲ್ಲಿಯೂ ಜಲಜನಕವೇ ಶ್ರೇಷ್ಠವಾದುದು. ನೀರನ್ನು ವಿದ್ಯುಚ್ಛಕ್ತಿಯಿಂದ ಒಡೆದು ಇದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿಕೊಳ್ಳಬಹುದಾದುದರಿಂದ ಹೊರಗಿನ ಸರಬರಾಯಿಯನ್ನು ಕಾಯಬೇಕಾಗಿಲ್ಲ. ಉರಿಯ ಡಿಟೆಕ್ಟರ್ ಇರುವ ಯಂತ್ರಗಳಲ್ಲಿ ಉರಿಗಾಗಿ ಜಲಜನಕವು ಮೊದಲೇ ಬಂದಿರುವುದರಿಂದ, ವಾಹಕವಾಗಿ ಅದನ್ನೇ ಉಪಯೋಗಿಸುವುದು ಸುಲಭ. ಆಗ ನಾಳದಿಂದ ಬರುವ ಜಲಜನಕವನ್ನೂ ಲೆಕ್ಕಕ್ಕೆ ಹಿಡಿದು ಉರಿಗೆ ಕೊಡುವ ಭಾಗವನ್ನು ಅಷ್ಟು ತಗ್ಗಿಸಬೇಕು. ಜಲಜನಕದ ಸ್ನಿಗ್ಧತೆಯು ಹೀಲಿಯಮ್ಮಿನದರಲ್ಲಿ ಅರ್ಧಕ್ಕೂ ಸ್ವಲ್ಪ ಕಡಮೆ. ಆದುದರಿಂದ ಒತ್ತಡವನ್ನು ಹಿಂದಿನಂತೆಯೇ ಇಟ್ಟರೆ ಅನಿಲವು ಎರಡರಷ್ಟಕ್ಕೂ ಮೀರಿ ನುಗ್ಗುವುದು. ಒತ್ತಡವನ್ನು ತಗ್ಗಿಸಿಯೇ ಪ್ರಾರಂಭಿಸತಕ್ಕುದು.

ಆದರೆ ಜಲಜನಕವು ಉರಿಯುವ ಅನಿಲ. ಗಾಳಿಯಲ್ಲಿ ನೂರಕ್ಕೆ 4 ಭಾಗದಿಂದ ಸುಮಾರು 75 ಭಾಗದವರೆಗೆ ಸೇರಿದಾಗ ಕಿಡಿ ತಗುಲಿದರೆ ಸ್ಫೋಟವಾಗಬಹುದು. ಈ ಅಪಾಯವು ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಲೆಕ್ಕದಿಂದ ನೋಡಿದರೆ ವೃಥಾ ಭಯವೂ ಹೋಗುವುದು, ವೃಥಾ ಧೈರ್ಯವೂ ಹೋಗುವುದು.

4 ಮೀಟರು ಉದ್ದ, 4 ಮೀಟರು ಅಗಲ, 3 ಮೀಟರು ಎತ್ತರದ ಕೊಠಡಿಯ ಅವಕಾಶವು 48 ಘನ ಮೀಟರು. ಅದರಲ್ಲಿ ನೂರಕ್ಕೆ 4 ಭಾಗವೆಂದರೆ 1,920 ಲೀಟರು. ಯಂತ್ರದಿಂದ ನಿಮಿಷಕ್ಕೆ 50 ಮಿಲಿಲೀಟರು ಜಲಜನಕವು ಸೋರಿದರೆ, ಕಿಟಕಿ ಬಾಗಿಲುಗಳನ್ನೆಲ್ಲ ಬಿಗಿಯಾಗಿ ಮುಚ್ಚಿದ್ದರೂ ಅಷ್ಟು ತುಂಬಲು 26 ದಿನಗಳಿಗೂ ಮೇಲ್ಪಟ್ಟು ಬೇಕಾಗುವುದು. ಅದೇ ಸೋರಿಕೆಯು ಒಲೆಯೊಳಗೆ ಆದರೆ ಮಾತು ಬೇರೆ. ಒಲೆಯ ಅವಕಾಶವು 15 ಲೀಟರೆಂದೂ ಅದರಿಂದ ಅನಿಲವು ಹೊರಹೋಗದೆಂದೂ ಭಾವಿಸಿದರೆ, 12 ನಿಮಿಷಗಳಲ್ಲಿಯೇ ನೂರಕ್ಕೆ 4 ಭಾಗವಾಗುವುದು. ಅಲ್ಲಿ ಕಾದ ತಂತಿಯೂ ಇದೆ. ಇನ್ನು 7 ಘನ ಮೀಟರು ಅನಿಲವು ತುಂಬಿದ ಸಿಲಿಂಡರು ಆ ಕೊಠಡಿಯಲ್ಲಿ ಒಮ್ಮೆಗೇ ಬರಿದಾದರೆ, ಜಲಜನಕವು ನೂರಕ್ಕೆ 14 ಭಾಗಕ್ಕೂ ಮೀರುವುದು. ಆದುದರಿಂದ ಹೆದರಬೇಕಾದುದು ಮುಚ್ಚಿದ ಒಲೆಗೂ ತುಂಬಿದ ಸಿಲಿಂಡರಿಗೂ.

ಈ ಕಾರಣದಿಂದ ಜಲಜನಕವನ್ನು ಉಪಯೋಗಿಸುವವರು ಈ ಕೆಳಗಿನ ನಿಯಮಗಳನ್ನು ಪಾಲಿಸತಕ್ಕುದು:

1. ಸಾಧ್ಯವಾದ ಮಟ್ಟಿಗೆ ಸಿಲಿಂಡರಿಗೆ ಬದಲಾಗಿ ನೀರಿನಿಂದ ಜಲಜನಕವನ್ನು ತಯಾರಿಸುವ ಯಂತ್ರವನ್ನು ಇಡುವುದು. ಅದರಲ್ಲಿ ಒಂದೇ ವೇಳೆಗೆ ಸಂಗ್ರಹವಾಗಿರುವ ಅನಿಲವು ಬಹು ಸ್ವಲ್ಪ. ಅದಕ್ಕೆ ಹಾಕುವ ನೀರು ಲವಣಗಳಿಲ್ಲದ ಶುದ್ಧವಾದ ನೀರಾಗಿರಬೇಕು.

2. ಸಿಲಿಂಡರನ್ನೇ ಇಡಬೇಕಾದರೆ ಕಟ್ಟಡದ ಹೊರಗೆ, ಗಾಳಿಯಾಡುವ ನೆರಳಿನ ಸ್ಥಳದಲ್ಲಿ ಸರಪಣಿಯಿಂದ ಕಟ್ಟಿ ನಿಲ್ಲಿಸುವುದು. ಉರಿಯುವ ಅನಿಲದ ಸಿಲಿಂಡರಿನ ಸುತ್ತು ಎಡಗಡೆಗೆ ತಿರುಗತಕ್ಕುದು. ಬೇರೆ ಅನಿಲದ ರೆಗ್ಯುಲೇಟರನ್ನು ಬಲವಂತದಿಂದ ಕೂಡಿಸಬಾರದು.

3. ಅನಿಲದ ದಾರಿಗೆ ಶುಭ್ರವಾದ ಹೊಸ ಸ್ಟೇನ್‌ಲೆಸ್ ಉಕ್ಕಿನ ಕೊಳವೆಗಳನ್ನು ಹಾಕುವುದು. ಹಳೆಯ ಕೊಳವೆಗಳ ಒಳಗಿನ ಕೊಳೆಯನ್ನು ಜಲಜನಕವು ಎಬ್ಬಿಸಿಕೊಂಡು ಬರುವುದು.

4. ಯಂತ್ರದಿಂದ ಹೊರಬಿಡುವ ಅನಿಲವನ್ನು ಕೊಠಡಿಯೊಳಗೆ ಬಿಡದೆ ಕೊಳವೆಯ ಮೂಲಕ ಹೊರಗೆ ಸಾಗಿಸುವುದು.

5. ಒಲೆಯೊಳಗೆ ಜಲಜನಕವನ್ನು ಪತ್ತೆಹಚ್ಚಿ ಯಂತ್ರವನ್ನು ತಾನಾಗಿ ನಿಲ್ಲಿಸುವ ಉಪಕರಣವನ್ನು ಹಾಕಿಸುವುದು. ನಾಳವನ್ನು ಬಿಚ್ಚುವುದಕ್ಕೆ ಮೊದಲು ಅನಿಲವನ್ನು ನಿಲ್ಲಿಸಬೇಕು. ನಾಳವು ಮುರಿದಿದೆಯೋ ಎಂದು ನೋಡದೆ ಒಲೆಯನ್ನು ಕಾಯಿಸಬಾರದು.

ಮಾಸ್ ಸ್ಪೆಕ್ಟ್ರೋಮೀಟರಿನ ವಿಚಾರ

ಈಗಿನ ಶೇಷಪರೀಕ್ಷೆಗಳಲ್ಲಿ ನೂರಾರು ಔಷಧಿಗಳನ್ನು ಒಂದೇ ಸಲಕ್ಕೆ ಹುಡುಕಬೇಕಾಗಿರುವುದರಿಂದ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಡಿಟೆಕ್ಟರಿನ ಉಪಯೋಗವು ಹೆಚ್ಚಿದೆ. ಇದು ವಸ್ತುವನ್ನು ನಿರ್ವಾತದಲ್ಲಿ ಚೂರುಮಾಡಿ, ಚೂರುಗಳ ತೂಕದಿಂದ ಅದರ ಗುರುತನ್ನು ಹೇಳುವುದು. ಇಲ್ಲಿ ಅನಿಲದ ಬದಲಾವಣೆಯು ಸುಲಭವಾದುದಲ್ಲ.

ಸಾರಜನಕವನ್ನು ಹಾಕಿದರೆ ಡಿಟೆಕ್ಟರಿನ ಸೂಕ್ಷ್ಮತೆಯು ಬಹಳವಾಗಿ ಕುಂದುವುದು. 1 ಕಿಲೋಗ್ರಾಮಿಗೆ 0.01 ಮಿಲಿಗ್ರಾಮನ್ನು ಕಾಣಬೇಕಾದ ಕೆಲಸಕ್ಕೆ ಇದು ಸಾಮಾನ್ಯವಾಗಿ ಸಾಲದು. ಜಲಜನಕವನ್ನು ಹಾಕಿದರೆ, ಪಂಪು ಅದನ್ನು ಹೀಲಿಯಮ್ಮಿನಷ್ಟು ಚೆನ್ನಾಗಿ ಹೊರಗೆಳೆಯಲಾರದು. ಮೊದಲು ಕೆಲವು ದಿನಗಳ ಕಾಲ ಒಳಗಿನ ಕೊಳೆಯೆಲ್ಲ ಎದ್ದು ಗೆರೆಯು ಅಲುಗಾಡುವುದು. ಇದಕ್ಕಿಂತಲೂ ಮುಖ್ಯವಾದುದೆಂದರೆ, ಬಿಸಿಯಾದ ಲೋಹದ ಸನ್ನಿಧಿಯಲ್ಲಿ ಜಲಜನಕವು ಕೆಲವು ವಸ್ತುಗಳೊಡನೆ ಕೂಡಿ ಅವುಗಳನ್ನೇ ಮಾರ್ಪಡಿಸುವುದು. ನೈಟ್ರೋಬೆಂಜೀನ್ ಎಂಬುದು ಅನಿಲೀನ್ ಆಗುವುದು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಮೀಥೈಲ್ ಪ್ಯಾರಾಥಿಯಾನಿನಂಥ ಔಷಧಿಗಳಲ್ಲಿಯೂ ನೈಟ್ರೋ ಗುಂಪು ಇರುವುದರಿಂದ ಅವುಗಳ ವಿಷಯದಲ್ಲಿ ಎಚ್ಚರವಾಗಿರಬೇಕು. ಸಾರವನ್ನು ಡೈಕ್ಲೋರೋಮೀಥೇನಿನಲ್ಲಿ ತೆಗೆದಿದ್ದರೆ, ಬಿಸಿಯಾದ ಬಾಯಿಯಲ್ಲಿ ಜಲಜನಕದೊಡನೆ ಹೈಡ್ರೋಕ್ಲೋರಿಕ್ ಆಮ್ಲವು ಹುಟ್ಟಿ ನಾಳವನ್ನು ಕೆಡಿಸಬಹುದು. ಬಂಡಿಯೇ ಸರಕನ್ನು ತಿನ್ನುವುದೆಂದರೆ ಇದೇ.

ಜಲಜನಕಕ್ಕೆಂದೇ ರಚಿಸಿದ ಅಯಾನುಮೂಲಗಳು ಈಚೆಗೆ ಬಂದಿವೆ. ಅವುಗಳಿಂದ ಈ ದೋಷವು ಬಹುಮಟ್ಟಿಗೆ ತಗ್ಗುವುದು. ಅವುಗಳಿಲ್ಲದ ಯಂತ್ರಗಳಿಗೆ ಹೀಲಿಯಮ್ಮನ್ನೇ ಉಳಿಸಿಕೊಂಡು, ಉಳಿದ ಯಂತ್ರಗಳನ್ನು ಬದಲಾಯಿಸುವುದೇ ಮೇಲು. ಊರಿಗೆಲ್ಲ ಒಂದೇ ಮದ್ದೆಂಬುದು ಇಲ್ಲಿ ಸಲ್ಲದು.

ಇರುವ ಹೀಲಿಯಮ್ಮಿನ ಮಿತವ್ಯಯ

ಅನಿಲವನ್ನು ಬದಲಾಯಿಸುವುದಕ್ಕೆ ಮೊದಲು, ಇರುವುದು ಎಲ್ಲಿ ಪೋಲಾಗುತ್ತಿದೆಯೆಂದು ನೋಡಬೇಕು. ನಾಳದಲ್ಲಿ ಹರಿಯುವ ಹೀಲಿಯಮ್ಮು ನಿಮಿಷಕ್ಕೆ 1 ಮಿಲಿಲೀಟರಾದರೆ, ಸಾರವನ್ನು ತೆಳುಮಾಡುವುದಕ್ಕಾಗಿ ಪಕ್ಕದಿಂದ ಹೊರಬಿಡುವುದು 50 ಮಿಲಿಲೀಟರಿರಬಹುದು; ಬಾಯಿಯನ್ನು ಶುಭ್ರವಾಗಿಡಲು ಮತ್ತೆ 3 ಮಿಲಿಲೀಟರು. ಒಟ್ಟು 54 ಮಿಲಿಲೀಟರಿನಲ್ಲಿ ನಿಜವಾಗಿ ಕೆಲಸಮಾಡಿದುದು 1 ಮಾತ್ರ. 7 ಘನ ಮೀಟರಿನ ಸಿಲಿಂಡರು ಈ ಕ್ರಮದಲ್ಲಿ ಸುಮಾರು 90 ದಿನಗಳಲ್ಲಿ ತೀರುವುದು. ಸಾರವನ್ನು ಚುಚ್ಚಿ ಒಂದೆರಡು ನಿಮಿಷಗಳಾದ ಮೇಲೆ ಪಕ್ಕದ ಹರಿವನ್ನು 20 ಮಿಲಿಲೀಟರಿಗೆ ತಗ್ಗಿಸುವಂತೆ ಏರ್ಪಡಿಸಿದರೆ ಅದೇ ಸಿಲಿಂಡರು ಸುಮಾರು 200 ದಿನಗಳು ಬರುವುದು. ಈ ಏರ್ಪಾಡು ಈಗಿನ ಯಂತ್ರಗಳಲ್ಲಿ ಬಹುಮಟ್ಟಿಗೆ ಇದ್ದೇ ಇದೆ, ಅದನ್ನು ಉಪಯೋಗಿಸಿದರಾಯಿತು.

ರಾತ್ರಿಯ ವೇಳೆಯಲ್ಲಿಯೂ ರಜಾ ದಿನಗಳಲ್ಲಿಯೂ ಯಂತ್ರವು ಕೆಲಸವಿಲ್ಲದೆ ಇರುವಾಗ ಹೀಲಿಯಮ್ಮಿಗೆ ಬದಲಾಗಿ ಸಾರಜನಕವನ್ನು ಹರಿಯಿಸುವಂತೆ ಕವಾಟವನ್ನು ಅಳವಡಿಸಬಹುದು. ಕೊಳವೆಗಳ ಸಂದುಗಳನ್ನು ಸೋರಿಕೆ ಪತ್ತೆಹಚ್ಚುವ ಉಪಕರಣದಿಂದ ತಿಂಗಳಿಗೊಮ್ಮೆಯಾದರೂ ಪರೀಕ್ಷಿಸತಕ್ಕುದು. ಸಿಲಿಂಡರಿನ ಒತ್ತಡವನ್ನು ಪ್ರತಿದಿನವೂ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವಿದ್ದರೆ ಸೋರಿಕೆಯು ತಾನಾಗಿಯೇ ಕಾಣುವುದು.

ಬದಲಾಯಿಸುವ ಕ್ರಮ

ಅನಿಲವನ್ನು ಬದಲಾಯಿಸಿ ಮರುದಿನವೇ ವರದಿಯನ್ನು ಕೊಡಲಾಗದು. ನಾಳದಲ್ಲಿ ವೇಗವು ಬದಲಾದಂತೆ ಒಲೆಯ ಬಿಸಿಯನ್ನು ಏರಿಸುವ ಕ್ರಮವೂ ಬದಲಾಗಬೇಕು. ಇಲ್ಲವಾದರೆ ವಸ್ತುಗಳು ಹೊರಬೀಳುವ ಸಾಲೇ ಹಿಂದುಮುಂದಾಗಬಹುದು. ಇದಕ್ಕೆ ಸುಲಭವಾದ ಸೂತ್ರವಿದೆ. ಹೀಲಿಯಮ್ಮಿನಲ್ಲಿ ನಾಳವನ್ನು ದಾಟಲು 120 ಸೆಕೆಂಡೂ ಜಲಜನಕದಲ್ಲಿ 75 ಸೆಕೆಂಡೂ ಆದರೆ, ಪ್ರಮಾಣವು 1.6. ಆಗ ನಿಮಿಷಕ್ಕೆ 10 ಡಿಗ್ರಿಯಂತೆ ಏರಿಸುತ್ತಿದ್ದುದನ್ನು 16 ಡಿಗ್ರಿಯಂತೆ ಏರಿಸಬೇಕು. 4 ನಿಮಿಷ ಒಂದೇ ಬಿಸಿಯಲ್ಲಿ ನಿಲ್ಲಿಸುತ್ತಿದ್ದುದನ್ನು 2.5 ನಿಮಿಷಕ್ಕೆ ಇಳಿಸಬೇಕು. ಸಾರಜನಕಕ್ಕೆ ಹೋಗುವುದಾದರೆ ಪ್ರಮಾಣವು 0.48, 10 ಡಿಗ್ರಿಯು 4.8 ಆಗುವುದು.

ತರುವಾಯ ಗೊತ್ತಾದ ಔಷಧಿಗಳ ದ್ರಾವಣವನ್ನು ಚುಚ್ಚಿ ಪ್ರತಿಯೊಂದರ ಕಾಲವನ್ನೂ ಹೊಸದಾಗಿ ಬರೆದುಕೊಳ್ಳಬೇಕು. ಹತ್ತಿರ ಹತ್ತಿರವಾಗಿ ಹೊರಬೀಳುವ ಜೋಡಿಗಳನ್ನು ವಿಶೇಷವಾಗಿ ನೋಡತಕ್ಕುದು. ಡೀಲ್ಡ್ರಿನ್ ಮತ್ತು ಡಿ.ಡಿ.ಟಿ.ಯಿಂದ ಹುಟ್ಟಿದ ಡಿ.ಡಿ.ಇ. ಇವು ಅಂಥ ಒಂದು ಜೋಡಿ. ಇವೆರಡೂ ಬೇರೆಯಾಗದೆ ಒಂದೇ ಶಿಖರವಾಗಿ ಬಂದರೆ, ಎಂದೋ ಹಿಂದಿನ ತಲೆಮಾರಿನಲ್ಲಿ ಹೊಲಕ್ಕೆ ಬಿದ್ದ ಡಿ.ಡಿ.ಟಿ.ಯ ಅವಶೇಷಕ್ಕಾಗಿ ಈಗಿನ ರೈತನು ತಾನು ಕಂಡೂ ಕೇಳದ ಬೇರೊಂದು ಔಷಧಿಯ ಅಪವಾದವನ್ನು ಹೊರಬೇಕಾದೀತು.

ಕೊನೆಯದಾಗಿ, ಔಷಧಿಯಿಲ್ಲದ ಪದಾರ್ಥಕ್ಕೆ ಗೊತ್ತಾದ ಪ್ರಮಾಣದ ಔಷಧಿಯನ್ನು ಬೆರಸಿ, ಯಂತ್ರವು ಎಷ್ಟನ್ನು ಮರಳಿ ತೋರಿಸುವುದೆಂದು ಪರೀಕ್ಷಿಸಬೇಕು. ಐರೋಪ್ಯ ಒಕ್ಕೂಟದ ಮಾರ್ಗಸೂಚಿಯಂತೆ ಸರಾಸರಿಯಾಗಿ ನೂರಕ್ಕೆ 70ರಿಂದ 120ರವರೆಗೆ ಮರಳಿ ಕಾಣಬೇಕು; ಪುನಃ ಪುನಃ ಮಾಡಿದಾಗ ಬರುವ ವ್ಯತ್ಯಾಸವು ನೂರಕ್ಕೆ 20ನ್ನು ಮೀರಬಾರದು. ಕೆಲವು ದಿನಗಳ ಮಟ್ಟಿಗೆ ಒಂದೇ ಮಾದರಿಯನ್ನು ಹಳೆಯ ಅನಿಲದಿಂದಲೂ ಹೊಸ ಅನಿಲದಿಂದಲೂ ಪರೀಕ್ಷಿಸಿ ಹೋಲಿಸುವುದು ಉತ್ತಮ. ಈ ದಾಖಲೆಗಳೆಲ್ಲ ಕೈಸೇರಿದ ಮೇಲೆಯೇ ಹೊಸ ಕ್ರಮದಿಂದ ವರದಿಯನ್ನು ಹೊರಡಿಸತಕ್ಕುದು. ಮಾನ್ಯತೆ ಪಡೆದ ಪ್ರಯೋಗಶಾಲೆಗಳು ಈ ಬದಲಾವಣೆಯನ್ನು ತಮ್ಮ ಕ್ರಮಪುಸ್ತಕದಲ್ಲಿಯೂ ಬರೆದಿಡಬೇಕು.

ಇಷ್ಟೆಲ್ಲ ಕೆಲಸಕ್ಕೆ ವಾರಗಳು ಹಿಡಿಯುವುವು. ಆದುದರಿಂದಲೇ ಇದನ್ನು ಹೀಲಿಯಮ್ಮು ತೀರಿದ ದಿನ ಪ್ರಾರಂಭಿಸಬಾರದು. ಸುಗ್ಗಿಗೆ ಮುಂಚೆ, ಮಾದರಿಗಳು ಕಡಮೆಯಾಗಿ ಬರುವ ತಿಂಗಳುಗಳಲ್ಲಿ ಪ್ರಾರಂಭಿಸಬೇಕು. ಬಾವಿಯನ್ನು ತೋಡುವ ಕಾಲವು ಮನೆಗೆ ಬೆಂಕಿ ಬಿದ್ದ ಕಾಲವಲ್ಲ.

ಸಾರಾಂಶ

ಉರಿಯ ಡಿಟೆಕ್ಟರಿರುವ ಯಂತ್ರಗಳಿಗೆ ಜಲಜನಕ. ಬಿಡಿಬಿಡಿಯಾದ ಕೆಲವೇ ವಸ್ತುಗಳ ಪರೀಕ್ಷೆಗೂ, ಪುರಸೊತ್ತಿರುವಲ್ಲಿ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರಿಗೂ ಸಾರಜನಕ. ಮಾಸ್ ಸ್ಪೆಕ್ಟ್ರೋಮೀಟರಿಗೆ ಮಿತವಾಗಿ ಹೀಲಿಯಂ, ತಕ್ಕ ಉಪಕರಣವೂ ಪರೀಕ್ಷೆಯೂ ಆದ ಮೇಲೆ ಜಲಜನಕ. ಹೀಗೆ ಹಂಚಿಕೊಂಡರೆ ಒಂದು ಅನಿಲದ ಅಭಾವದಿಂದ ಇಡೀ ಪ್ರಯೋಗಶಾಲೆಯು ನಿಲ್ಲುವ ಪ್ರಸಂಗವು ಬರಲಾರದು.

ಬೆಳೆಗಾರರು ಮಾಡತಕ್ಕುದೂ ಉಂಟು. ಕೊಯ್ಲಿನ ದಿನವು ಗೊತ್ತಾದೊಡನೆ ಪ್ರಯೋಗಶಾಲೆಯವರಿಗೆ ಮುಂಚಿತವಾಗಿ ತಿಳಿಸುವುದು. ಸಿಂಪಡಿಸಿದ ಔಷಧಿಗಳ ಹೆಸರು, ಪ್ರಮಾಣ, ತಾರೀಖುಗಳನ್ನು ಮರೆಮಾಚದೆ ಮಾದರಿಯೊಡನೆ ಬರೆದುಕೊಡುವುದು. ಔಷಧಿಯ ಚೀಟಿಯಲ್ಲಿ ಹೇಳಿರುವಷ್ಟು ದಿನಗಳು ಕಳೆಯುವವರೆಗೆ ಕೊಯ್ಯದಿರುವುದು. ಯಾವ ಅನಿಲವು ಹೊತ್ತು ತಂದರೂ ನಾಳದ ಕೊನೆಯಲ್ಲಿ ಕಾಣುವುದು ಹೊಲದಲ್ಲಿ ಹಾಕಿದುದೇ ಆಗಿರುವುದು. ಅದನ್ನು ಹೆಚ್ಚೂ ಅಲ್ಲದೆ ಕಡಮೆಯೂ ಅಲ್ಲದೆ, ವೇಳೆಗೆ ಸರಿಯಾಗಿ ಹೇಳುವುದೇ ಪ್ರಯೋಗಶಾಲೆಯ ಧರ್ಮ.